ಮೊದಲ ಸುದ್ದಿ

ಬಾನುಲಿ ಕೇಂದ್ರದ ಸುದ್ದಿ ಸಂಪಾದಕಿ ತಾರಾಮಣಿ ಸಂಜೆಯ ವಾರ್ತೆ ಸಿದ್ಧಪಡಿಸುತ್ತಿದ್ದಾಗ ಫೋನ್ ಬಂತು.

"ಮೇಡಂ, ಮಂತ್ರಿಗಳ ಪಿ.ಎ. ಮಾತಾಡ್ತಿದ್ದೀನಿ. ಹೊಸ ಬಸ್ ನಿಲ್ದಾಣದ ಚಾವಣಿ ಕುಸಿದಿದೆಯಲ್ಲ, ಆ ಸುದ್ದಿ ಬರಬಾರದು."

ಯಾರಿಗೂ ಪೆಟ್ಟಾಗಿರಲಿಲ್ಲ. ಆಕೆ ಅದನ್ನು ವಾರ್ತೆಯ ಕೊನೆಯಲ್ಲಿ ಎರಡು ಸಾಲಿಗೆ ಮುಗಿಸುವವಳಿದ್ದಳು. ಈಗ ಮೈಯೆಲ್ಲ ಉರಿಯಿತು.

"ಸರ್ಕಾರಿ ರೇಡಿಯೋ ಅಂದ್ರೆ ನಿಮ್ಮನೆ ತುತ್ತೂರಿ ಅಂದ್ಕೊಂಡ್ರಾ?" ಎಂದು ಫೋನ್ ಕುಕ್ಕಿದಳು.

"ವರ್ಗ ಮಾಡಿಸ್ತಾರೆ ಕಣ್ರೀ," ಎಂದು ವಾರ್ತಾವಾಚಕ ಶ್ರೀಪಾದರಾಯರು ಎಚ್ಚರಿಸಿದರು.

"ಮಾಡಿಸ್ಲಿ. ಮೊದಲ ಸುದ್ದಿ ಅದನ್ನೇ ಓದಿ."

ರಾಯರು ಬೆವರೊರೆಸಿಕೊಳ್ಳುತ್ತಲೇ ಓದಿದರು. ಕಳಪೆ ಕಾಮಗಾರಿ, ಜನರ ಆಕ್ರೋಶ, ಮುಂದೆ ನಿಂತು ಕಟ್ಟಿಸಿದ ಶಾಸಕರ ಹೆಸರು, ಒಂದನ್ನೂ ಬಿಡಲಿಲ್ಲ. ಹದಿನಾರು ವರ್ಷದ ನೌಕರಿ ಇವತ್ತು ಸಾರ್ಥಕವಾಯಿತು ಎಂದು ತಾರಾಮಣಿಗೆ ಅನ್ನಿಸಿತು.

ವಾರ್ತೆ ಮುಗಿಯುತ್ತಿದ್ದಂತೆ ಮತ್ತೆ ಅದೇ ಪಿ.ಎ.ಯ ಫೋನ್. ಆಕೆ ಜಗಳಕ್ಕೆ ಸಿದ್ಧಳಾಗಿಯೇ ಎತ್ತಿಕೊಂಡಳು.

"ತುಂಬಾ ಚೆನ್ನಾಗಿ ಬಂತು ಮೇಡಂ," ಎಂದ ಅವನು. "ಆ ಶಾಸಕರಿಗೆ ನಮ್ಮ ಸಾಹೇಬ್ರ ಕುರ್ಚಿ ಮೇಲೇ ಕಣ್ಣು. ಈ ಸುದ್ದಿ ಹಾಕಿ ಅಂತ ಕೇಳಿದ್ರೆ ನೀವು ಹಾಕ್ತಿದ್ರಾ?"