ಆಯುಧಪೂಜೆಯ ಫೋಟೋ

ಬಾಯ್ಲರ್ ಸಿಡಿದು ಸತ್ತವನು ನಮ್ಮ ಕೆಲಸಗಾರನೇ ಅಲ್ಲ, ಕಾಂಪೌಂಡ್ ಹಾರಿ ಬಂದ ಕಳ್ಳ ಎಂದು ಕಾರ್ಖಾನೆಯ ಫೇಸ್‌ಬುಕ್ ಪುಟದಲ್ಲಿ ಬರೆದವಳು ವಾರಿಜ. ಬರೆಸಿದ್ದು ಮ್ಯಾನೇಜರು. ಅಂದಿನಿಂದ ಅವಳು ಕಣ್ಣು ಮುಚ್ಚಿದರೆ ಅವನು ಬಂದು ನಿಲ್ಲುತ್ತಿದ್ದ, ಮುಖವಿಲ್ಲದೆ. ಅವನ ಮುಖವನ್ನು ಅವಳು ನೋಡಿಯೇ ಇರಲಿಲ್ಲ.

ಗೇಟಿನ ಮುಂದೆ ಧರಣಿ ಜೋರಾಯಿತು. ಮ್ಯಾನೇಜರು ಬಂದು, "ನಾವೆಲ್ಲ ಒಂದೇ ಮನೆಯವರು ಅನ್ನೋ ಥರ ಏನಾದ್ರೂ ಹಾಕಮ್ಮ" ಎಂದರು.

ಹಳೆಯ ಆಯುಧಪೂಜೆಯ ಫೋಟೋ ಸಿಕ್ಕಿತು. ಚೆಂಡುಹೂವಿನ ಹಾರ ಹಾಕಿದ ಬಾಯ್ಲರ್ ಮುಂದೆ ಒಬ್ಬ ಬೂದುಗುಂಬಳ ಎತ್ತಿ ಹಿಡಿದು ನಗುತ್ತಿದ್ದ.

"ಎಂಥ ನಗು ನೋಡು. ಇದನ್ನೇ ಹಾಕು."

ಹಾಕಿದಳು. ಲೈಕುಗಳ ಹಿಂದೆಯೇ ಒಬ್ಬ ಹೆಂಗಸಿನ ಕಾಮೆಂಟು ಬಂತು:

"ಕುಂಬಳಕಾಯಿ ಹಿಡಿದಿರೋರು ನಮ್ಮ ಯಜಮಾನ್ರು. ಪೂಜೆ ಮಾಡೋಕೂ ಕಾಂಪೌಂಡ್ ಹಾರ್ಕೊಂಡೇ ಬಂದಿದ್ರಾ ಸರ್?"