ಖಾಲಿ ಬುಟ್ಟಿ

ಊರಿನ ಅಡುಗೆಯಂತ್ರಗಳೆಲ್ಲ ಎತ್ತುತ್ತಿದ್ದುದು, ಹೆಚ್ಚುತ್ತಿದ್ದುದು, ಕುದಿಸುತ್ತಿದ್ದುದು ನಾನು ಬರೆದ ಆಜ್ಞೆಗಳ ಸೂತ್ರಕೋಶದಂತೆ. ಈಗ ಎದುರುಮನೆಯ ಶಾರ್ವರಿ ಬೇರೊಂದು ಕೋಶ ಬರೆದಿದ್ದಾಳೆ. ಓಣಿಯೆಲ್ಲ ಅದಕ್ಕೇ ಮುಗಿಬಿದ್ದಿದೆ. ನನ್ನ ಹೊಟ್ಟೆಯಲ್ಲಿ ಬೆಂಕಿ.

ಸಕ್ಕರೆ ಕೇಳುವ ನೆವದಲ್ಲಿ ಅವಳ ಅಡುಗೆಮನೆಗೆ ನುಗ್ಗಿ, ಬುಟ್ಟಿಯ ಟೊಮೆಟೊಗಳನ್ನೆಲ್ಲ ಸೆರಗಿಗೆ ಸುರಿದುಕೊಂಡೆ. ಖಾಲಿ ಬುಟ್ಟಿಯಿಂದ ಮೊದಲನೆಯದನ್ನು ಎತ್ತು ಎಂದರೆ ಯಾವ ಯಂತ್ರವಾದರೂ ಕೆಟ್ಟು ನಿಲ್ಲಲೇಬೇಕು. ನನ್ನದು ನಿಲ್ಲುತ್ತದೆ.

ಶಾರ್ವರಿ ಬಂದು ತನ್ನ ಯಂತ್ರಕ್ಕೆ ಸಾರು ಮಾಡೆಂದಳು. ಅದು ಬುಟ್ಟಿ ತಡಕಿತು. "ಟೊಮೆಟೊ ಇಲ್ರಿ ಅಕ್ಕಾರ, ಹುಣಸೇಹಣ್ಣು ಹಾಕ್ಲೇನ್ರಿ?"

"ಹಾಕು," ಎಂದಳು ಶಾರ್ವರಿ, ನನ್ನ ಉಬ್ಬಿದ ಸೆರಗು ನೋಡುತ್ತ. "ನೀವೂ ಇಲ್ಲೇ ಊಟ ಮಾಡ್ರಿ ಅಕ್ಕಾರ. ನಿಮ್ಮ ಅತ್ತಿಯವರು ಆಗಲೇ ಬಂದು ಒಳಗ ಕುಂತಾರ. ನಿಮ್ಮ ಯಂತ್ರ ಮುಂಜಾನಿಂದ ಖಾಲಿ ಬುಟ್ಟಿಯೊಳಗ ಕೈ ಇಟ್ಟು ಹಂಗ ನಿಂತೈತಂತ."