ಗಿಡ್ಡ ಪ್ರಾರ್ಥನೆ

ಚರ್ಚಿನ ಹಜಾರದಲ್ಲಿ ತಟ್ಟೆ ಹಿಡಿದು ನಿಂತವರೆಲ್ಲ ಕಣ್ಣು ಮುಚ್ಚಿದ್ದರು. ಪ್ರಾರ್ಥನೆ ಹೇಳುತ್ತಿದ್ದ ಪಾದ್ರಿಯೊಬ್ಬರೇ ಅರೆಗಣ್ಣಿನಲ್ಲಿ ಅಡುಗೆಮನೆಯ ಬಾಗಿಲು ನೋಡುತ್ತಿದ್ದರು. ಊರಿನ ಬಟ್ಟೆ ಗಿರಣಿ ಮುಚ್ಚಿದಂದಿನಿಂದ ಇದೇ ಏರ್ಪಾಡು. ಎಲ್ಲರಿಗೂ ಸಾಲದ ಗಂಜಿಗೆ ಅಡುಗೆಯಕ್ಕ ನೀರು ಬೆರೆಸಿ ಕುದಿಸುವ ತನಕ ಅವರು ಪ್ರಾರ್ಥನೆ ಎಳೆಯಬೇಕು. ಈ ಗುಟ್ಟು ಊರಿಗೆಲ್ಲ ಗೊತ್ತಿತ್ತು. “ಫಾದರ್ ಪ್ರಾರ್ಥನೆ ಉದ್ದ ಆದಷ್ಟೂ ನಮ್ಮ ಗಂಜಿ ತೆಳು ಕಣ್ರೋ,” ಎಂದು ನೇಕಾರಜ್ಜಿ ಸಾಲಿನವರನ್ನು ನಗಿಸುತ್ತಿದ್ದಳು.

ಅಡುಗೆಯಕ್ಕ ಬಾಗಿಲಿಗೆ ಬಂದು ಪಾತ್ರೆಯನ್ನು ಬೋರಲು ಮಾಡಿ ತೋರಿಸಿದಳು. ಬರಬೇಕಿದ್ದ ಅಕ್ಕಿ ಬಂದಿರಲಿಲ್ಲ. ಇನ್ನು ಯಾವುದಕ್ಕೆಂದು ನೀರು ಬೆರೆಸುವುದು? ಪಾದ್ರಿಗಳು ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸಿ, “ಆಮೆನ್” ಎಂದುಬಿಟ್ಟರು.

“ಅಯ್ಯೋ, ಇಷ್ಟು ಬೇಗನಾ! ಬನ್ರೋ ಮಕ್ಳಾ, ಇವತ್ತು ಗಟ್ಟಿ ಗಂಜಿ!” ಎನ್ನುತ್ತ ಅಜ್ಜಿ, ಮೊಮ್ಮಗಳ ತಟ್ಟೆಯನ್ನೂ ಸೇರಿಸಿ ಮುಂದೆ ಚಾಚಿದಳು.